ಮೂಗಮ್ಮ ಆರಿಸಿದ ಪೀಪಾಯಿ

ಅವಳಿಗೆ ಮೂಗಮ್ಮ ಎಂದು ಹೆಸರಿಟ್ಟವನು ಪುಸ್ತಕಕ್ಕೆ ರಟ್ಟು ಕಟ್ಟುವ ಬೈಂಡರ್. ಆ ಹೆಸರು ಕೇಳಿದ ಹೊಸಬರು, ಪಾಪ, ಮಾತು ಬರುವುದಿಲ್ಲವೇನೋ ಎಂದುಕೊಂಡು ಅವಳ ಮುಂದೆ ಕೈಸನ್ನೆ ಮಾಡುತ್ತಿದ್ದರು. ಅವಳು ಬಾಯಿ ತೆರೆದು ಹತ್ತು ನಿಮಿಷ ಬಿಡುವಿಲ್ಲದೆ ಮಾತಾಡಿದಾಗ ಬೈಂಡರ್ ಮೇಜು ತಟ್ಟಿ ನಗುತ್ತಿದ್ದ. ಹೆಸರು ಬಂದದ್ದು ಅವಳ ಮೂಗಿನಿಂದ. ವಿಸ್ಕಿ ಗ್ಲಾಸನ್ನು ಮೂಗಿನ ಕೆಳಗೆ ಒಮ್ಮೆ ಹಾಯಿಸಿ, ಇದು ಐರಿಷ್, ಇದು ಸ್ಕಾಚ್, ಇದು ಅಮೆರಿಕದ್ದು, ಇದು ಸುಟ್ಟ ಹೊಸ ಮರದ ಪೀಪಾಯಿಯಲ್ಲಿ ಇದ್ದದ್ದು, ಇದು ವೈನ್ ಕುಡಿದ ಹಳೆ ಪೀಪಾಯಿಯಲ್ಲಿ ಮಲಗಿದ್ದದ್ದು ಎಂದು ಹೇಳಿಬಿಡುವಳು. ಹನ್ನೊಂದು ವರ್ಷಗಳಲ್ಲಿ ತಪ್ಪಿದ್ದು ಎರಡೇ ಸಲ. ಆ ಎರಡು ಸಲವೂ ಅವಳು ವಾರಗಟ್ಟಲೆ ಸರಿಯಾಗಿ ಊಟ ಮಾಡಲಿಲ್ಲ ಎಂದು ಅವಳ ಅಕ್ಕ ಹೇಳುತ್ತಾಳೆ.

ಹೊಟ್ಟೆಪಾಡಿಗೆ ಅವಳದು ಕನ್ನಡಕದ ಅಂಗಡಿ. ಅಂಗಡಿಯ ಮೇಲಿನ ಮನೆಯಲ್ಲಿ ಅಕ್ಕನ ಜೊತೆ ಇದ್ದಳು. ಅಕ್ಕ ಬಟ್ಟೆ ಹೊಲಿಯುವವಳು. ವಿಸ್ಕಿಯನ್ನು ಬಾಯಿಗಿಟ್ಟವಳಲ್ಲ, ಇಟ್ಟವರನ್ನು ಬೈದವಳೂ ಅಲ್ಲ.

ತಿಂಗಳ ಮೊದಲ ಶನಿವಾರ ಮಧ್ಯಾಹ್ನ ನಾಲ್ಕಕ್ಕೆ ಬೈಂಡರನ ಕೆಲಸದ ಮನೆಯ ಮಹಡಿಯಲ್ಲಿ ನಾಲ್ವರು ಸೇರುತ್ತಿದ್ದರು. ಮೂಗಮ್ಮ, ಬೈಂಡರ್, ಎರಡು ಬೀದಿ ಆಚೆ ಕ್ಲಿನಿಕ್ ಇಟ್ಟಿದ್ದ ಹಲ್ಲಿನ ಡಾಕ್ಟರಮ್ಮ, ಮತ್ತು ವಿಸ್ಕಿ ಅಂಗಡಿಯ ಯಜಮಾನ. ಹೊಲಿಗೆ ಹಾಕದೆ ಬಿಟ್ಟ ಪುಸ್ತಕಗಳನ್ನು ಗೋಡೆಗೆ ಸರಿಸಿ, ಉದ್ದನೆಯ ಮೇಜಿನ ಮೇಲೆ ಬಿಳಿ ಕಾಗದ ಹಾಸುತ್ತಿದ್ದರು. ಒಂದು ಗ್ಲಾಸಿಗೆ ಮೂರೇ ಗುಟುಕು, ನಡುವೆ ನೀರು, ಉಗುಳುವುದಕ್ಕೆ ಒಂದು ಡಬ್ಬಿ. ಕುಡಿಯುವುದಕ್ಕಿಂತ ಮಾತೇ ಹೆಚ್ಚು. ಐರಿಷ್ ವಿಸ್ಕಿಯನ್ನು ಸಾಮಾನ್ಯವಾಗಿ ಮೂರು ಸಲ ಬಟ್ಟಿ ಇಳಿಸುತ್ತಾರೆ, ಅದಕ್ಕೇ ಅದು ಇಷ್ಟು ನಯ ಎಂದು ಯಜಮಾನ ಹೇಳಿದರೆ, ನಯ ಎಂದರೆ ಸಪ್ಪೆ ಎಂದು ಬೈಂಡರ್ ಕಾಲೆಳೆಯುವನು. ಕೊನೆಗೆ ಎಲ್ಲರ ಕಣ್ಣೂ ಮೂಗಮ್ಮನ ಕಡೆ ತಿರುಗುತ್ತಿತ್ತು. ಅವಳು ಯಾವುದನ್ನು ಒಳ್ಳೆಯದು ಎಂದಳೋ ಯಜಮಾನ ಅದನ್ನೇ ಅಂಗಡಿಯ ಮುಂದಿನ ಸಾಲಿನಲ್ಲಿ ಇಡುತ್ತಿದ್ದ.

ಆ ವರ್ಷ ಚಳಿ ಬಿಡುವ ಹೊತ್ತಿಗೆ ಅವಳಿಗೆ ನಾಲ್ಕು ದಿನ ನೆಗಡಿ, ಜ್ವರ ಬಂತು. ಐದನೆಯ ದಿನ ಎದ್ದು, ಸ್ನಾನ ಮಾಡಿ, ಅಂಗಡಿ ತೆರೆದಳು. ಮಧ್ಯಾಹ್ನ ಲೆನ್ಸ್ ಒರೆಸುವ ಸ್ಪಿರಿಟ್ಟಿನ ಬಾಟಲಿಯ ಮುಚ್ಚಳ ತೆಗೆದವಳಿಗೆ ಏನೋ ಕಡಿಮೆಯಾದಂತೆ ಅನ್ನಿಸಿತು. ಬಾಟಲಿಯನ್ನು ಮೂಗಿಗೇ ಹಿಡಿದಳು. ಒಳಗೆ ಸಣ್ಣಗೆ ಉರಿಯಿತು, ಅಷ್ಟೇ. ಮಹಡಿಗೆ ಓಡಿ ಸೋಪು ಮೂಸಿದಳು, ಈರುಳ್ಳಿ ಕತ್ತರಿಸಿ ಮೂಸಿದಳು, ಬೀರುವಿನಲ್ಲಿದ್ದ ತನ್ನ ಪ್ರೀತಿಯ ಐರಿಷ್ ಬಾಟಲಿಯ ಬಿರಟೆ ಕಿತ್ತು ಮೂಸಿದಳು. ಎಲ್ಲವೂ ಒಂದೇ. ನೀರಿನ ಹಾಗೆ.

ನೆಗಡಿ ಇಳಿದರೆ ಸರಿಹೋಗುತ್ತದೆ ಎಂದು ಒಂದು ವಾರ ಕಾದಳು. ನೆಗಡಿ ಇಳಿಯಿತು, ಮೂಗು ಬರಲಿಲ್ಲ. ಎರಡನೆಯ ವಾರ ಯಾರಿಗೂ ಹೇಳಲಿಲ್ಲ. ಮೂರನೆಯ ವಾರಕ್ಕೆ ಹೇಳುವ ಹೊತ್ತು ಮೀರಿಹೋಯಿತು ಅನ್ನಿಸಿತು. ಆ ತಿಂಗಳ ಸಭೆಗೆ ಅಂಗಡಿಯಲ್ಲಿ ಕೆಲಸ ಜಾಸ್ತಿ ಎಂದು ನೆಪ ಹೇಳಿ ತಪ್ಪಿಸಿಕೊಂಡಳು. ರಾತ್ರಿ ಹೇಗೋ ನಿದ್ದೆ ಬರುತ್ತಿತ್ತು, ಬೆಳಿಗ್ಗೆ ಎದ್ದ ಕೂಡಲೇ ಎದೆ ಧಸಕ್ ಎನ್ನುತ್ತಿತ್ತು. ಹಲ್ಲುಜ್ಜುವ ಪೇಸ್ಟನ್ನು ಮೂಸಿ ನೋಡುವುದು, ಏನೂ ಇಲ್ಲವೆಂದು ಖಾತ್ರಿಯಾಗುವುದು, ಆಮೇಲೆ ದಿನವಿಡೀ ಯಾರ ಮುಂದೂ ಗೊತ್ತಾಗದ ಹಾಗೆ ನಡೆದುಕೊಳ್ಳುವುದು. ಗಿರಾಕಿಯೊಬ್ಬಳು ಕನ್ನಡಕ ಹಾಕಿಕೊಳ್ಳುತ್ತಾ, ನನ್ನ ಹೊಸ ಸೆಂಟು ಹೇಗಿದೆ ಎಂದು ಕೇಳಿದಾಗ, ತುಂಬಾ ಚೆನ್ನಾಗಿದೆ ಎಂದು ಹೇಳಿ ಬೇಗ ಬೇಗ ಬಿಲ್ಲು ಬರೆಯತೊಡಗಿದ್ದಳು.

ಅಷ್ಟರಲ್ಲಿ ಯಜಮಾನ ಅಂಗಡಿಗೇ ಬಂದ. ಕೈಯಲ್ಲಿ ಹೆಬ್ಬೆರಳು ಗಾತ್ರದ ಮೂರು ಶೀಷೆ. ಅವನ ಅಂಗಡಿಗೆ ಇಪ್ಪತ್ತೈದು ವರ್ಷ ತುಂಬುವುದಿತ್ತು. ಅದರ ನೆನಪಿಗೆ ಐರ್ಲೆಂಡಿನ ಒಂದು ಸಣ್ಣ ಭಟ್ಟಿಯಿಂದ ಒಂದು ಇಡೀ ಪೀಪಾಯಿಯನ್ನು ಆರಿಸಿ, ತನ್ನ ಅಂಗಡಿಯ ಹೆಸರಿನಲ್ಲೇ ಬಾಟಲಿ ತುಂಬಿಸುವುದು ಅವನ ಬಹಳ ದಿನಗಳ ಆಸೆ. ಭಟ್ಟಿಯವರು ಮೂರು ಪೀಪಾಯಿಗಳ ಮಾದರಿ ಕಳಿಸಿದ್ದರು. ಒಂದು, ಎರಡು, ಮೂರು ಎಂದು ಚೀಟಿ ಅಂಟಿಸಿತ್ತು. ಮನೆಯಲ್ಲಿ ನಿಧಾನವಾಗಿ ನೋಡಿರಿ, ಶನಿವಾರ ಎಲ್ಲರೂ ಕೂತು ಚೀಟಿ ಮುಚ್ಚಿ, ಸಾಲು ಬದಲಿಸಿ ಮತ್ತೊಮ್ಮೆ ನೋಡೋಣ, ನೀವು ಹೇಳಿದ್ದೇ ಕೊನೆ ಎಂದ. ಆಗಲೇ ಹೇಳಿಬಿಡಬಹುದಿತ್ತು. ಅವನ ಮುಖದಲ್ಲಿದ್ದ ಸಂತೋಷ ನೋಡಿ ಅವಳು ಶೀಷೆಗಳನ್ನು ಕೈಗೆ ತೆಗೆದುಕೊಂಡಳು.

ಆ ಸಂಜೆ ಅವಳು ಮೂರು ಲೋಟಗಳಲ್ಲಿ ಒಂದೊಂದು ಚಮಚ ಸುರಿದು ಅಕ್ಕನ ಹೊಲಿಗೆ ಮೆಷಿನ್ನಿನ ಪಕ್ಕ ಇಟ್ಟಳು. ಕುಡಿಯದವರ ಮೂಗಿಗೆ ಏನನ್ನಿಸುತ್ತದೆ ಎಂದು ನೋಡುವ ತಮಾಷೆ ಎಂದು ಹೇಳಿದಳು. ಅಕ್ಕ ಬಾಯಲ್ಲಿದ್ದ ಗುಂಡುಸೂಜಿ ತೆಗೆದಿಟ್ಟು, ತಂಗಿಯ ಮುಖವನ್ನು ಒಂದು ಗಳಿಗೆ ನೋಡಿ, ಒಂದೊಂದನ್ನೇ ಮೂಸಿದಳು. ಮೊದಲನೆಯದು ಹೊಸ ಬಟ್ಟೆಗೆ ಇಸ್ತ್ರಿ ಹಾಕಿದ ಹಾಗೆ. ಎರಡನೆಯದು ಕತ್ತರಿಸಿಟ್ಟ ಸೇಬು, ಅದರ ಮೇಲೆ ಜೇನು. ಮೂರನೆಯದಕ್ಕೆ ಮೂಗು ಹಿಂದಕ್ಕೆ ಎಳೆದುಕೊಂಡಳು.

"ಇದು ಬೆಂಕಿಕಡ್ಡಿ ಗೀರಿ ಆರಿಸಿದ ಹಾಗಿದೆ. ಮೊಟ್ಟೆ ಕೆಟ್ಟ ಹಾಗೂ ಇದೆ. ಇದನ್ನ ಯಾರು ಕುಡೀತಾರೇ?"

ಮೂಗಮ್ಮನಿಗೆ ತಿಳಿಯಿತು. ವೈನ್ ಪೀಪಾಯಿ ಕೆಡಬಾರದೆಂದು ಒಳಗೆ ಗಂಧಕ ಸುಡುತ್ತಾರೆ, ಕೆಲವೊಮ್ಮೆ ಅದು ಮರದಲ್ಲಿ ಉಳಿದು ವಿಸ್ಕಿಗೆ ಹತ್ತಿಕೊಳ್ಳುತ್ತದೆ. ಹಾಗಾದರೆ ಎರಡನೆಯದು. ಎರಡನೆಯದರ ಬಣ್ಣ ಮೂರರಲ್ಲಿ ತಿಳಿ, ಒಣ ಹುಲ್ಲಿನಂತೆ. ಶನಿವಾರ ಬಣ್ಣ ನೋಡಿ ಹಿಡಿದರಾಯಿತು ಎಂದು ಲೆಕ್ಕ ಹಾಕಿದಳು.

ಶನಿವಾರ ಮೇಜಿನ ಮೇಲೆ ನೀಲಿ ಗ್ಲಾಸುಗಳಿದ್ದವು. ಬಣ್ಣ ನೋಡಿ ಮೋಸ ಹೋಗಬಾರದು ಎಂದು ಯಜಮಾನ ಹೊಸದಾಗಿ ತರಿಸಿದ್ದ. ಒಳಗಿರುವುದು ನೀರೋ ವಿಸ್ಕಿಯೋ ಎಂದೂ ಗೊತ್ತಾಗುತ್ತಿರಲಿಲ್ಲ. ಅವಳ ಲೆಕ್ಕ ತಪ್ಪಿತು. ಕುರ್ಚಿ ಎಳೆದುಕೊಂಡು ಕೂತು, ಎಂದಿನಂತೆ ಗ್ಲಾಸನ್ನು ಮೂಗಿನ ಕೆಳಗೆ ಹಾಯಿಸಿದಳು. ಎಂದಿನಂತೆ ಕಣ್ಣು ಮುಚ್ಚಿದಳು. ಮೂವರೂ ಉಸಿರು ಹಿಡಿದು ತನ್ನನ್ನೇ ನೋಡುತ್ತಿದ್ದಾರೆಂದು ಕಣ್ಣು ಮುಚ್ಚಿದರೂ ಗೊತ್ತಾಗುತ್ತಿತ್ತು. ಇನ್ನು ಉಳಿದದ್ದು ನಾಲಿಗೆ. ನಾಲಿಗೆ ಹೇಳುವುದು ಸಿಹಿ, ಕಹಿ, ಉರಿ ಇಷ್ಟೇ. ಮೊದಲನೆಯ ಗ್ಲಾಸು ಖಾರ. ನಡುವಿನದು ಸಿಹಿ, ಬಾಯಿ ತುಂಬಿ ಮೆತ್ತಗೆ ಇಳಿಯಿತು. ಕೊನೆಯದು ತೆಳು. ಜೇನು ಎಂದರೆ ಸಿಹಿ ಇರಲೇಬೇಕು.

"ನಡುವಿನದು," ಎಂದಳು. "ಸೇಬು, ಮೇಲೆ ಸ್ವಲ್ಪ ಜೇನು."

ಬೈಂಡರ್ ಇನ್ನೊಂದು ಗುಟುಕು ತೆಗೆದುಕೊಂಡು, ಹೌದು ಹೌದು, ಜೇನೇ ಎಂದ. ಡಾಕ್ಟರಮ್ಮ ಮತ್ತೊಮ್ಮೆ ಮೂಸಿ, ಮರಸೇಬೂ ಇದೆ, ನೀವು ಹೇಳಿದ ಮೇಲೆ ಗೊತ್ತಾಯಿತು ಎಂದರು. ಯಜಮಾನ ಮಾತ್ರ ಗ್ಲಾಸನ್ನು ಎರಡು ಸಲ ಎತ್ತಿ ಇಳಿಸಿದ. ಏನೋ ಹೇಳಹೊರಟವನು ಹೇಳದೆ, ಸರಿ, ಹಾಗಾದರೆ ಇದೇ ಎಂದು ತಲೆಯಾಡಿಸಿದ. ಗ್ಲಾಸಿನ ಕೆಳಗಿದ್ದ ಚೀಟಿ ತೆಗೆದು ಓದದೆ ಜೇಬಿಗೆ ಹಾಕಿಕೊಂಡ. ಅವನ ಆ ಮುಖ ಅವಳಿಗೆ ಅನುಮಾನ ಹುಟ್ಟಿಸಿತು. ಹೊರಡುವಾಗ ಯಾರೂ ನೋಡದ ಹಾಗೆ ನಡುವಿನ ಗ್ಲಾಸಿನಲ್ಲಿ ಉಳಿದದ್ದನ್ನು ಒಂದು ಖಾಲಿ ಶೀಷೆಗೆ ಬಗ್ಗಿಸಿ ಚೀಲಕ್ಕೆ ಹಾಕಿಕೊಂಡಳು.

ಮನೆಗೆ ಬಂದರೂ ಶೀಷೆ ತೆಗೆಯುವ ಧೈರ್ಯ ಬರಲಿಲ್ಲ. ಭಾನುವಾರ ತಿಂಡಿಯಾದ ಮೇಲೆ ಅಕ್ಕನ ಮುಂದೆ ಇಟ್ಟಳು. ಅಕ್ಕ ಮುಚ್ಚಳ ತೆಗೆದಳು, ತಕ್ಷಣ ಹಾಕಿದಳು.

"ಅದೇ ಬೆಂಕಿಕಡ್ಡಿ."

ಮೂಗಮ್ಮ ಗೋಡೆಗೆ ಒರಗಿ ನೆಲದ ಮೇಲೆ ಕೂತುಬಿಟ್ಟಳು. ಅಕ್ಕ ಮೆಷಿನ್ನಿನ ಸ್ಟೂಲು ಎಳೆದುಕೊಂಡು ಅವಳೆದುರು ಕೂತಳು.

"ಎಷ್ಟು ದಿನ ಆಯ್ತೇ?"

"ಏನು?"

"ಹೋದ ವಾರ ತಳ ಹಿಡಿದ ಹಾಲಿನ ಕಾಫಿ ಕೊಟ್ಟೆ. ನಾನು ಒಂದು ಗುಟುಕಿಗೆ ಚೆಲ್ಲಿದೆ. ನೀನು ಲೋಟ ಖಾಲಿ ಮಾಡಿ ಚೆನ್ನಾಗಿದೆ ಅಂದೆ. ನೀನಾಗಿ ಹೇಳ್ತೀಯ ಅಂತ ಕಾದೆ."

ಆಗ ಅವಳು ಅತ್ತಳು. ಐದು ವಾರದ ಮಾತೆಲ್ಲ ಒಟ್ಟಿಗೆ ಬಂತು. ಮೂಗು ಹೋದರೆ ತನ್ನಲ್ಲಿ ಇನ್ನೇನಿದೆ, ಕನ್ನಡಕ ಮಾರುವವಳನ್ನು ಯಾರು ಕಾಯುತ್ತಾರೆ, ಮೆದುಳಿನಲ್ಲೇ ಏನಾದರೂ ಆಗಿದ್ದರೆ ಎಂದೆಲ್ಲ. ಅಕ್ಕ ಸಮಾಧಾನದ ಮಾತು ಆಡಲಿಲ್ಲ. ನಾಳೆ ಮೊದಲು ಯಜಮಾನನ ಹತ್ತಿರ ಹೋಗು, ಆಮೇಲೆ ಡಾಕ್ಟರ ಹತ್ತಿರ ನಾನು ಬರುತ್ತೇನೆ ಎಂದಳು.

ಸೋಮವಾರ ಅವನು ಅಂಗಡಿಯ ಷಟರ್ ಎತ್ತುವ ಹೊತ್ತಿಗೆ ಅವಳು ಬಾಗಿಲಲ್ಲಿದ್ದಳು.

"ಆ ಪೀಪಾಯಿ ಬೇಡ," ಎಂದಳು. "ನನಗೆ ವಾಸನೆ ಬರ್ತಿಲ್ಲ. ಜ್ವರ ಬಂದು ಹೋದಾಗಿನಿಂದ ಏನೂ ಬರ್ತಿಲ್ಲ. ಶನಿವಾರ ಹೇಳಿದ್ದೆಲ್ಲ ಸುಳ್ಳು."

ಅವನು ಬೀಗದ ಕೈಯನ್ನು ನಿಧಾನವಾಗಿ ಕೌಂಟರಿನ ಮೇಲೆ ಇಟ್ಟ.

"ನನಗೆ ಬೆಂಕಿಕಡ್ಡಿ ವಾಸನೆ ಬಂತು," ಎಂದ. "ನೀವು ಜೇನು ಅಂದ್ರಿ. ನನ್ನ ಮೂಗೇ ಕೆಟ್ಟಿದೆ ಅಂದ್ಕೊಂಡೆ. ಮನೆಗೆ ಹೋಗಿ ಅರ್ಧ ಗಂಟೆ ಮೂಸಿದೆ. ಕೊನೆಗೆ ನನಗೂ ಜೇನು ಬಂದ ಹಾಗೇ ಅನ್ನಿಸ್ತು. ಅವತ್ತೇ ಅವರಿಗೆ ಇಮೇಲ್ ಹಾಕಿದೆ."

ಭಟ್ಟಿಯ ಕಚೇರಿ ಭಾನುವಾರ ಮುಚ್ಚಿತ್ತು, ಇವತ್ತು ಬೆಳಗಾದ ಕೂಡಲೇ ಇಮೇಲ್ ಓದಿ ಪೀಪಾಯಿಯನ್ನು ಬಾಟಲಿಗಳಿಗೆ ಇಳಿಸಿಬಿಟ್ಟರೆ ಮಾಡುವುದೇನೂ ಇಲ್ಲ. ಅವನು ಫೋನು ಹಚ್ಚಿದ. ರಿಂಗಾಯಿತು, ಯಾರೂ ಎತ್ತಲಿಲ್ಲ. ಅಲ್ಲಿ ಇನ್ನೂ ಬೆಳಗಾಗಿರಲಿಲ್ಲ. ಇಬ್ಬರೂ ಕಾದರು. ಅವನು ಒರೆಸಿದ ಬಾಟಲಿಗಳನ್ನೇ ಮತ್ತೆ ಒರೆಸಿದ. ನಡುವೆ ಒಬ್ಬ ಗಿರಾಕಿ ಬಂದು, ಮಾವನವರು ಕೆಲಸದಿಂದ ನಿವೃತ್ತರಾಗುತ್ತಿದ್ದಾರೆ, ಹೊಗೆ ವಾಸನೆ ಇಲ್ಲದ್ದು ಯಾವುದಾದರೂ ಹೇಳಿ ಎಂದು ಕೇಳಿದ. ಯಜಮಾನ ರೂಢಿಯಂತೆ ಮೂಗಮ್ಮನ ಕಡೆ ತಿರುಗಿದ, ನೆನಪಾಗಿ ಮುಖ ತಿರುಗಿಸಿಕೊಂಡ. ಆ ಒಂದು ಗಳಿಗೆಯಲ್ಲಿ ಅವಳಿಗೆ ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು. ಅವನು ತಾನೇ ಒಂದು ಐರಿಷ್ ಬಾಟಲಿ ಇಳಿಸಿ ಕೊಟ್ಟ. ಅವಳಾಗಿದ್ದರೂ ಅದನ್ನೇ ಕೊಡುತ್ತಿದ್ದಳು.

ಆರನೆಯ ಸಲಕ್ಕೆ ಫೋನು ಎತ್ತಿದವಳು ಭಟ್ಟಿಯ ಕಚೇರಿಯ ಹೆಂಗಸು. ಯಜಮಾನ ನಿಂತುಕೊಂಡೇ ಮಾತಾಡಿದ. ಹೂಂ ಎಂದ, ಮತ್ತೆ ಹೂಂ ಎಂದ, ಕೊನೆಗೆ ಹೊಟ್ಟೆಯಿಂದ ಉಸಿರು ಬಿಟ್ಟ. ಪೀಪಾಯಿಗೆ ಇನ್ನೂ ಕೈ ಹಚ್ಚಿರಲಿಲ್ಲ, ಬದಲಾಯಿಸಬಹುದು. ನೀವು ಮೂರನೆಯದನ್ನು ಏಕೆ ಆರಿಸಿದಿರಿ ಎಂದು ನಾವೇ ಗಾಬರಿಯಾಗಿದ್ದೆವು, ನಿಮ್ಮ ಕಡೆಯ ರುಚಿಯೇ ಹಾಗಿರಬಹುದು ಎಂದುಕೊಂಡೆವು ಎಂದಳಂತೆ.

ಫೋನಿಟ್ಟ ಮೇಲೂ ಅವನು ನಗಲಿಲ್ಲ. ಪೀಪಾಯಿ ಹೋದರೆ ಇನ್ನೊಂದು ಬರುತ್ತಿತ್ತು, ಇಷ್ಟು ದಿನ ನನಗೆ ಹೇಳಲಿಲ್ಲವಲ್ಲ ಎಂದ. ಅವಳು ತಲೆ ತಗ್ಗಿಸಿ ನಿಂತಳು. ಅವನು ಬೀಗದ ಕೈ ಎತ್ತಿಕೊಂಡು, ಆ ಪೀಪಾಯಿ ಸರಿಯಿಲ್ಲ ಎಂದು ನಿಮಗೆ ಹೇಳಿದವರು ಯಾರು ಎಂದು ಕೇಳಿದ. ಅಕ್ಕ ಎಂದಳು.

"ಮುಂದಿನ ತಿಂಗಳು ಅವರನ್ನೂ ಕರ್ಕೊಂಡು ಬನ್ನಿ."

ಮೂಗಿನ ಡಾಕ್ಟರು ಟಾರ್ಚು ಬಿಟ್ಟು ನೋಡಿ, ತಲೆಯ ಸ್ಕ್ಯಾನ್ ಮಾಡಿಸಿ, ಗಡ್ಡೆಯೇನೂ ಇಲ್ಲ, ಜ್ವರಕ್ಕೆ ನರ ಪೆಟ್ಟು ತಿಂದಿದೆ ಎಂದರು. ಆರು ತಿಂಗಳಾಗಬಹುದು, ವರ್ಷವಾಗಬಹುದು, ಬಾರದೆಯೂ ಇರಬಹುದು. ದಿನಕ್ಕೆರಡು ಸಲ ಲವಂಗ, ನಿಂಬೆ, ಗುಲಾಬಿ, ನೀಲಗಿರಿ ಎಣ್ಣೆ ಮೂಸುತ್ತಿರಿ, ಮೂಸುವಾಗ ಆ ವಾಸನೆಯನ್ನು ನೆನಪು ಮಾಡಿಕೊಳ್ಳಿ ಎಂದರು. ಅವಳು ತಪ್ಪದೆ ಮಾಡಿದಳು. ಪ್ರತಿಸಲವೂ ಭಯವಾಗುತ್ತಿತ್ತು. ನಿಂಬೆಯ ನೆನಪೇ ಸವೆದುಹೋಗುತ್ತಿದೆಯೇನೋ ಎಂಬ ಹೊಸ ಭಯ ಬೇರೆ.

ವಿಷಯ ತಿಳಿದಾಗ ಬೈಂಡರ್ ಅವಳ ಕೈ ಹಿಡಿದುಕೊಂಡ. ಡಾಕ್ಟರಮ್ಮ ಮಾತ್ರ ಎರಡು ದಿನ ಫೋನು ಎತ್ತಲಿಲ್ಲ. ಇಲ್ಲದ ಮರಸೇಬನ್ನು ಮೂಸಿದ್ದಕ್ಕೆ ಅವರಿಗೆ ತಲೆ ಎತ್ತಲಾಗುತ್ತಿರಲಿಲ್ಲ.

ಮುಂದಿನ ತಿಂಗಳ ಮೊದಲ ಶನಿವಾರ ಅಕ್ಕ ಬಂದಳು. ಕುಡಿಯುವುದಿಲ್ಲ, ಮೂಸುವುದಷ್ಟೇ ಎಂದು ಬಾಗಿಲಲ್ಲೇ ಹೇಳಿದಳು. ಯಜಮಾನ ಹೊಸ ನಿಯಮ ಮಾಡಿದ್ದ. ಯಾರೂ ಬಾಯಿ ತೆರೆಯುವಂತಿಲ್ಲ, ಮೊದಲು ಚೀಟಿಯಲ್ಲಿ ಬರೆಯಬೇಕು, ಎಲ್ಲ ಚೀಟಿ ಬಂದ ಮೇಲೆ ಓದಬೇಕು. ಅವತ್ತು ಎರಡು ಐರಿಷ್, ಒಂದು ಸ್ಕಾಚ್, ಒಂದು ಜಪಾನಿನದು. ಚೀಟಿ ಓದುವ ಕೆಲಸ ಮೂಗಮ್ಮನಿಗೆ ಬಂತು. ಓದುತ್ತಾ ಹೋದಂತೆ ಅವಳಿಗೆ ಅಚ್ಚರಿಯಾಯಿತು. ಒಬ್ಬರದು ಇನ್ನೊಬ್ಬರಿಗೆ ಹೊಂದುತ್ತಿರಲಿಲ್ಲ. ಸ್ಕಾಚಿನ ಚೀಟಿಯಲ್ಲಿ ಬೈಂಡರ್, ಸುಟ್ಟ ಹಗ್ಗ, ನನಗೆ ಹೊಗೆಯದು ಎಂದೂ ಸೇರುವುದಿಲ್ಲ ಎಂದು ಬರೆದಿದ್ದ. ಹನ್ನೊಂದು ವರ್ಷ ಅವನು ಅವಳು ಹೊಗಳಿದ ಹೊಗೆಯ ವಿಸ್ಕಿಗಳನ್ನೆಲ್ಲ ಮುಖ ಕಿವುಚದೆ ಮುಗಿಸಿದ್ದ.

ಎರಡನೆಯ ಐರಿಷ್ ಬಗ್ಗೆ ಜಗಳವೇ ಆಯಿತು. ಅಕ್ಕ ಬರೆದದ್ದು ಒಗೆದು ಒಣಗಿಸಿದ ಹತ್ತಿ ಬಟ್ಟೆ. ಡಾಕ್ಟರಮ್ಮ ಬರೆದದ್ದು ಬಾಳೆಹಣ್ಣು. ಇಬ್ಬರೂ ಪಟ್ಟು ಬಿಡಲಿಲ್ಲ. ಬಟ್ಟೆಯ ವಿಷಯ ನನಗೆ ಹೇಳಿಕೊಡಬೇಡಿ ಎಂದು ಅಕ್ಕ, ಹಣ್ಣಿನ ವಿಷಯದಲ್ಲಿ ಈ ಸಲ ನಾನು ಸೋಲುವುದಿಲ್ಲ ಎಂದು ಡಾಕ್ಟರಮ್ಮ. ಅಕ್ಕನನ್ನು ಎಲ್ಲರೂ ಕಿವಿಗೊಟ್ಟು ಕೇಳುವುದನ್ನು ನೋಡಿ ಮೂಗಮ್ಮನಿಗೆ ಎದೆಯಲ್ಲಿ ಚುರುಕ್ ಎಂದಿತು. ತನ್ನ ಕುರ್ಚಿಯಲ್ಲಿ ಬೇರೊಬ್ಬರು ಕೂತ ಹಾಗೆ. ಅದನ್ನು ನುಂಗಿಕೊಂಡಳು.

ಕೊನೆಗೆ ಇಬ್ಬರೂ ಅಭ್ಯಾಸಬಲದಿಂದ ಅವಳ ಕಡೆ ತಿರುಗಿದರು. ಬೈಂಡರನೂ ತಿರುಗಿದ.

"ನನಗೆ ಗೊತ್ತಾಗ್ತಿಲ್ಲ," ಎಂದಳು ಮೂಗಮ್ಮ. "ನಾಲಿಗೆಗೆ ಸಿಹಿ ಇದೆ, ಕೊನೇಲಿ ಸ್ವಲ್ಪ ಕಹಿ. ಅಷ್ಟೇ ಗೊತ್ತು."

ಹೇಳಿ, ಎದೆ ಧಸಕ್ಕೆನ್ನುವುದನ್ನು ಕಾದಳು. ಎನ್ನಲಿಲ್ಲ. ಯಜಮಾನ ಆಗಲೇ ಅವಳ ಮಾತನ್ನು ಪುಸ್ತಕದಲ್ಲಿ ಬರೆದುಕೊಳ್ಳುತ್ತಿದ್ದ. ಅವಳು ಮುಂದಿನ ಚೀಟಿ ಬಿಡಿಸಿದಳು.