ಮಡಚಿಟ್ಟ ನಲವತ್ತು ದಾಖಲೆಗಳು

ಬಿಷ್ಕೆಕ್‌ನ ನಮ್ಮ ಸಾಫ್ಟ್‌ವೇರ್ ಕಚೇರಿಯಲ್ಲಿ ಕೋಡಿನ ಪ್ರತಿ ಬದಲಾವಣೆಯೂ ಬರೆದವರ ಹೆಸರಿನೊಡನೆ ದಾಖಲಾಗುತ್ತದೆ. ಕೆಲಸ ಮುಗಿದ ಮೇಲೆ ಆ ದಾಖಲೆಗಳನ್ನೆಲ್ಲ ಮಡಚಿ ಒಂದೇ ಸಾಲು ಮಾಡಬೇಕು, ಚರಿತ್ರೆ ಚೊಕ್ಕಟವಾಗಿರಬೇಕು ಎಂಬುದು ತಂಡದ ಹಿರಿಯ, ನಾವೆಲ್ಲ ಬೈಕೆ, ಅಂದರೆ ಅಣ್ಣ, ಎಂದು ಕರೆಯುವ ತಿಲೆಕ್‌ನ ನಿಯಮ.

ಟಿಕೆಟ್ ಕಾಯ್ದಿರಿಸುವ ಭಾಗಕ್ಕೆ ಅವನು ಒಂದು ಖಾಲಿ ಕಡತ ತೆರೆದು, ಅದನ್ನೇ ತನ್ನ ಹೆಸರಿನ ಮೊದಲ ದಾಖಲೆಯಾಗಿಸಿ ನನಗೆ ಬಿಟ್ಟಿದ್ದ. ಮೂರು ತಿಂಗಳಲ್ಲಿ ನಾನು ನಲವತ್ತು ದಾಖಲೆ ಸೇರಿಸಿದೆ. ಕೊನೆಗೆ ನಿಯಮದಂತೆ ಎಲ್ಲವನ್ನೂ ಅವನ ಮೊದಲ ದಾಖಲೆಯೊಳಗೆ ಮಡಚಿ, ನನ್ನ ಬಿಡಿ ದಾಖಲೆಗಳನ್ನು ಅಳಿಸಿಬಿಟ್ಟೆ. ಮಡಚಿದ ಸಾಲಿಗೆ ಮೊದಲಿನವರ ಹೆಸರೇ ಉಳಿಯುತ್ತದೆ ಎಂಬುದನ್ನು ಗಮನಿಸಲಿಲ್ಲ.

ಇವತ್ತು ನನ್ನ ಕೆಲಸ ಕಾಯಂ ಮಾಡುವ ಮಾತಿಗೆ ನಾವು ಎಜೆ, ಅಂದರೆ ಅಕ್ಕ, ಎನ್ನುವ ಮುಖ್ಯಸ್ಥೆ ಗುಲ್ಜಾನ್ ನಮ್ಮಿಬ್ಬರನ್ನೂ ಕರೆದು, ದಾಖಲೆಗಳ ಪಟ್ಟಿಯನ್ನು ಪರದೆಯ ಮೇಲೆ ತೆರೆದರು.

"ಏನಮ್ಮಾ ಜಿಬೆಕ್, ಮೂರು ತಿಂಗ್ಳೂ ಬರೀ ಚಾ ಕುಡ್ಕೊಂಡಿದ್ಯಾ? ಇಲ್ಲಿ ನಿನ್ ಹೆಸ್ರೇ ಇಲ್ವಲ್ಲ."

"ಅದೆಲ್ಲಾ ನಾನೇ ಬರ್ದಿದ್ದು ಎಜೆ. ಬೈಕೇನ ಕೇಳಿ."

ತಿಲೆಕ್ ಪರದೆಯನ್ನು ನೋಡಿದ, ನನ್ನನ್ನು ನೋಡಲಿಲ್ಲ. "ಹುಡ್ಗಿ ಸಹಾಯ ಮಾಡಿದ್ಲು, ಪಾಪ."

"ಸಹಾಯಕ್ಕೆಲ್ಲಾ ಕಾಯಂ ಆಗಲ್ಲಮ್ಮಾ," ಎಂದರು ಎಜೆ.

ಹೊರಗೆ ಬರುವಾಗ ಅವನು ಮೆಲ್ಲಗೆ ಹೇಳಿದ: "ಚರಿತ್ರೆ ಮಾತ್ರ ಭಾಳ ಚೊಕ್ಕ ಮಾಡಿದ್ದೀಯ ಕಣೇ."