ಮಾನ್ಯತೆಯಿಲ್ಲದ ಸಾಕ್ಷಿ

ಮುಂದಿನ ಸೀಟಿನ ಹೆಂಗಸಿನ ಮುಡಿಯಲ್ಲಿ ಮಲ್ಲಿಗೆ, ಬೆಳಿಗ್ಗೆ ಮುಡಿದದ್ದಿರಬೇಕು, ಅಂಚು ಕಂದಿದೆ, ಆದರೂ ಕಿನ್ನಿಮುಲ್ಕಿಯಲ್ಲಿ ಬಸ್ಸು ಬ್ರೇಕು ಹಾಕಿದಾಗೆಲ್ಲ ಅದರ ವಾಸನೆ ಝೀಟಾಳ ಮುಖಕ್ಕೆ ಬಡಿಯುತ್ತದೆ, ಮಧ್ಯಾಹ್ನ ಏನೂ ತಿಂದಿಲ್ಲ, ಕೋರ್ಟಿನ ಕ್ಯಾಂಟೀನಿನಲ್ಲಿ ಚಹಾದ ಗ್ಲಾಸು ಹಿಡಿದು ನಿಂತದ್ದು ನೆನಪಿದೆ, ಕುಡಿದಳೋ ಚೆಲ್ಲಿದಳೋ — ಎಷ್ಟು ಮೆಲ್ಲಗೆ ಕೇಳಿದರು ಮಗುವಿನ ತಂದೆಯ ಕಡೆಯ ಆ ವಕೀಲರು, ಜೋರು ಮಾಡಿದ್ದರೆ ತಡೆದುಕೊಳ್ಳಬಹುದಿತ್ತು, ಮೇಡಂ, ಎಂಟು ವರ್ಷದ ಮಗುವಿನ ಮನಸ್ಸಿನ ಬಗ್ಗೆ ವರದಿ ಬರೆದಿದ್ದೀರಿ, ಒಳ್ಳೆಯದು, ನಿಮಗೆ ಮನಃಶಾಸ್ತ್ರದ ಎಂ.ಎಸ್ಸಿ. ಕೊಟ್ಟ ವಿಶ್ವವಿದ್ಯಾಲಯ ಯಾವ ಕಾಯ್ದೆಯಡಿ ಹುಟ್ಟಿದ್ದು, ಸಂಸತ್ತಿನದ್ದಾ, ವಿಧಾನಮಂಡಲದ್ದಾ? ಕಟಕಟೆಯ ಮರ ಅಂಗೈಗೆ ಅಂಟುತ್ತಿತ್ತು. ಅದು ಟ್ರಸ್ಟ್ ಸರ್, ನೋಂದಣಿ ಆಗಿದೆ. ಓ, ಟ್ರಸ್ಟ್, ನಮ್ಮೂರಿನ ಭಜನಾ ಮಂಡಳಿಯದ್ದೂ ನೋಂದಣಿ ಆಗಿದೆ, ನಾಳೆಯಿಂದ ಅವರೂ ಪದವಿ ಕೊಡಬಹುದು, ಅಲ್ವಾ? ಹಿಂದೆ ಯಾರೋ ನಕ್ಕರು, ನ್ಯಾಯಾಧೀಶರು ನಗಲಿಲ್ಲ, ಕನ್ನಡಕ ತೆಗೆದು ಒರೆಸಿಕೊಂಡರು, ಅದು ನಗುವಿಗಿಂತ ಹೆಚ್ಚು ನೋಯಿತು. ಸಂತೆಕಟ್ಟೆಯಲ್ಲಿ ಬೇಕರಿಯ ಮೇಲಿನ ಮಹಡಿಯಲ್ಲಿ ಎಡ್ಮಂಡ್ ಸರ್ ನಡೆಸುತ್ತಿದ್ದ ಆ ವಿಶ್ವವಿದ್ಯಾಲಯದ ಕಲಿಕಾ ಕೇಂದ್ರ, ಮೆಟ್ಟಿಲಿಗೆಲ್ಲ ಬನ್ನಿನ ಪರಿಮಳ, ಯುಜಿಸಿ ಎಲ್ಲ ಸರಕಾರಿ ಕೆಲಸಕ್ಕೆ ಬೇಕಾದದ್ದು ಮಾರಾಯ್ತಿ, ನಮ್ಮದು ಸ್ವಾಯತ್ತ, ಹೊರದೇಶದ ಮಾನ್ಯತೆ ಉಂಟು, ಎಂದಿದ್ದರು ಅವರು, ಯಾವ ದೇಶ ಎಂದು ಅವಳು ಕೇಳಲಿಲ್ಲ, ಕೇಳಿದ್ದರೆ ನಲವತ್ತರ ಹತ್ತಿರದಲ್ಲಿ ಮತ್ತೆ ಹುಟ್ಟಿದ ಓದುವ ಆಸೆ ಆ ಮೆಟ್ಟಿಲಲ್ಲೇ ಮುಗಿಯುತ್ತಿತ್ತು, ಅಷ್ಟು ವರ್ಷ ನರ್ಸರಿ ಮಕ್ಕಳ ಮೂಗು ಒರೆಸಿದವಳಿಗೆ ಕರಿ ಗೌನು, ಚೌಕದ ಟೋಪಿ, ಗಂಡ ಮೌರಿಸ್ ಮೊಣಕಾಲೂರಿ ಕೂತು ಫೋಟೋ ತೆಗೆದದ್ದು — ಉಳಿದವರು ಪುಸ್ತಕ ತೆರೆದಿಟ್ಟೇ ಪರೀಕ್ಷೆ ಬರೆದರು, ಅವಳು ಮುಚ್ಚಿ ಬರೆದಳು, ಓದಿಯೇ ಬರೆದಳು, ಇದನ್ನು ಯಾವ ಕೋರ್ಟಿನಲ್ಲಿ ಹೇಳುವುದು.

ಉದ್ಯಾವರದ ಸೇತುವೆ, ಕೆಳಗೆ ಹೊಳೆ ಸೀಸದ ಬಣ್ಣಕ್ಕೆ ಮಲಗಿದೆ, ಟಿಕೆಟು ಟಿಕೆಟು ಎನ್ನುತ್ತಾನೆ ಕಂಡಕ್ಟರ್, ಕಾಪು ಎಂದು ಹೇಳಿ ಚಿಲ್ಲರೆ ಎಣಿಸುತ್ತಾಳೆ. ಆ ಮಗು ಮಾನಸ ಮೊದಲ ವಾರಗಳಲ್ಲಿ ಮಾತೇ ಆಡಿರಲಿಲ್ಲ, ಚಾಪೆಯ ಮೇಲೆ ಅವಳ ಎದುರು ಇವಳೂ ಸುಮ್ಮನೆ ಕೂರುತ್ತಿದ್ದಳು, ಒಂದು ದಿನ ಆವೆಮಣ್ಣಿನಲ್ಲಿ ಕಿಟಕಿಯಿಲ್ಲದ ಒಂದು ಕೋಣೆ ಮಾಡಿ ಮಗು ತಾನಾಗಿಯೇ ಹೇಳಿತು, ಅಪ್ಪ ಹೊರಗಿನಿಂದ ಚಿಲಕ ಹಾಕ್ತಾರೆ, ಕೂಗಿದರೆ ಇನ್ನೂ ಹೊತ್ತು ಹಾಕ್ತಾರೆ. ಆಮೇಲೆ ಮಣ್ಣನ್ನು ಮುದ್ದೆ ಮಾಡಿ ಝೀಟಾಳ ಕೈಗೆ ಕೊಟ್ಟಿತು. ಇದೇ ವರದಿ, ಇಷ್ಟೇ, ಇದಕ್ಕೆ ಯಾವ ಕಾಯ್ದೆ ಬೇಕು, ಬೇಕು, ಬೇಕಾಗಿತ್ತು, ಇದು ವರದಿಯಲ್ಲ, ಒಬ್ಬ ಗೃಹಿಣಿಯ ಅಭಿಪ್ರಾಯ ಎಂದರು ವಕೀಲರು, ಮತ್ತು ಆ ಕ್ಷಣ ಅವಳಿಗೇ ಅನುಮಾನ ಬಂತು, ಮಗು ಹಾಗೆ ಹೇಳಿತ್ತಾ, ತಾನೇ ಹೇಳಿಸಿದೆನಾ, ಕಲಿಸಿದವರೇ ಸುಳ್ಳಾದರೆ ಕಲಿತದ್ದು ಎಲ್ಲಿಯವರೆಗೆ ನಿಜ. ವರದಿ ಬದಿಗೆ, ದಸರಾ ರಜೆ ಮುಗಿಯುವ ತನಕ ಮಗು ಕಾರ್ಕಳದಲ್ಲಿ ತಂದೆ ಪ್ರಖ್ಯಾತ್ ಅವರ ಬಳಿ ಇರಲಿ, ಆಮೇಲೆ ಅರ್ಹ ವೈದ್ಯರಿಂದ ಪರೀಕ್ಷೆ, ಎಂದರು ನ್ಯಾಯಾಧೀಶರು. ಆಮೇಲೆ. ತಾಯಿ ಸುಗಂಧಿ ಅಳಲಿಲ್ಲ, ವರಾಂಡದ ಕಂಬಕ್ಕೆ ಒರಗಿ ನಿಂತಿದ್ದಳು, ನೀವು ಮೊದಲೇ ಹೇಳಬಹುದಿತ್ತಲ್ಲ ಮೇಡಂ, ಮಣಿಪಾಲ ಎಂತ ದೂರ ಉಂಟು, ಅಲ್ಲಿಗೇ ಕರಕೊಂಡು ಹೋಗ್ತಿದ್ದೆ. ಗುಡ್ಡದ ಮೇಲೆ ನಿಜವಾದ ಆಸ್ಪತ್ರೆ, ನಿಜವಾದ ವೈದ್ಯರು, ಅವರ ಒಂದು ಸಹಿ ಸಾಕಿತ್ತು, ಅವರಿಗೂ ಆ ಮಗುವಿಗೂ ನಡುವೆ ಕೂತವಳು ಝೀಟಾ, ಒಳ್ಳೆಯ ಮನಸ್ಸಿನಿಂದ.

ಕಟಪಾಡಿ ದಾಟುವಾಗ ಮೌರಿಸ್‌ಗೆ ಫೋನ್ ಮಾಡಿ ಕೊಂಕಣಿಯಲ್ಲಿ ಹೇಳುತ್ತಾಳೆ, ಮನೆ ಮುಂದಿನ ಕೌನ್ಸೆಲಿಂಗ್ ಬೋರ್ಡು ಇಳಿಸಿಬಿಡು, ಅವನು ಯಾಕೆಂದು ಕೇಳುವುದಿಲ್ಲ, ನಾಳೆ ಇಬ್ಬರು ಮಕ್ಕಳು ಬರುವುದಿದೆಯಲ್ಲ ಎನ್ನುತ್ತಾನೆ, ಅವರ ಮನೆಯವರಿಗೆ ನಾನೇ ಹೇಳುತ್ತೇನೆ, ಮಣಿಪಾಲಕ್ಕೆ ಹೋಗಲಿ, ಎನ್ನುತ್ತಾಳೆ ಅವಳು. ಕಾಪುವಿನಲ್ಲಿ ಇಳಿದು ಮನೆ ಮುಟ್ಟುವಾಗ ಅವನು ಏಣಿಯ ಮೇಲಿದ್ದಾನೆ, ತುಕ್ಕು ಹಿಡಿದ ಸ್ಕ್ರೂ ಕಿರುಗುಟ್ಟುತ್ತದೆ, ಅವಳು ಏಣಿ ಹಿಡಿದು ನಿಲ್ಲುತ್ತಾಳೆ, ಕಡಲಿನಿಂದ ಉಪ್ಪು ಗಾಳಿ, ಅವನು ಮೇಲಿನಿಂದ ಏನೋ ಹೇಳುತ್ತಾನೆ, ಅವಳಿಗೆ ಕೇಳಿಸುವುದಿಲ್ಲ, ಕಣ್ಣೆದುರು ಮತ್ತೆ ಕೋರ್ಟಿನ ಅಂಗಳದಲ್ಲಿ ನಿಂತಿದ್ದ ಬಿಳಿ ಕಾರು, ಹಿಂದಿನ ಸೀಟಿನಲ್ಲಿ ಮಾನಸ, ಪ್ರಖ್ಯಾತ್ ಬಾಗಿಲು ಹಾಕಿ ಮುಂದೆ ಹೋಗುವಷ್ಟರಲ್ಲಿ ಅವಳ ಕೈ ಒಳಗಿನ ಹಿಡಿಕೆಗೆ ಹೋಯಿತು, ಎಳೆದಳು, ತೆರೆಯಲಿಲ್ಲ, ಮಕ್ಕಳ ಲಾಕು, ಎಲ್ಲ ತಂದೆಯರೂ ಹಾಕುವುದೇ, ಯಾರು ನೋಡಿದರೂ ಅಷ್ಟೇ ಹೇಳುತ್ತಾರೆ, ಝೀಟಾ ಬೇರೆ ಹೇಳಿದರೆ ನಂಬುವವರು ಯಾರು — ಕೂಗಲಿಲ್ಲ ಮಗು, ಗಾಜಿಗೆ ಬಡಿಯಲಿಲ್ಲ, ಮತ್ತೊಮ್ಮೆ ಮೆಲ್ಲಗೆ ಎಳೆದಳು, ಕಾರು ಹೊರಟಿತು, ಹಿಡಿಕೆಯ ಮೇಲೆ ಆ ಬೆರಳುಗಳು, ಮೆಲ್ಲಗೆ, ಮತ್ತೊಮ್ಮೆ, ಆ ಬೆರಳುಗಳು