ಲೆಕ್ಕಕ್ಕಿಲ್ಲದ ರಕ್ತ

“ಇವನು ಸ್ಕೂಲಲ್ಲೂ ಫೇಲು, ರಕ್ತದಲ್ಲೂ ಫೇಲು!”

ಅಕ್ಕನ ಗೈಡು ನನ್ನ ರಕ್ತದ ಹನಿ ಬಿದ್ದ ಕಾಗದದ ಪಟ್ಟಿಯನ್ನು ಟ್ಯೂಬ್‌ಲೈಟಿಗೆ ಹಿಡಿದು ಹೀಗೆಂದಾಗ ಲ್ಯಾಬಿನಲ್ಲಿದ್ದ ಎಂ.ಎಸ್ಸಿ.ಯವರೆಲ್ಲ ಗೊಳ್ಳೆಂದು ನಕ್ಕರು. ಸೂಜಿ ಚುಚ್ಚಿದ ಜಾಗಕ್ಕೆ ಒತ್ತಿಕೊಂಡಿದ್ದ ಹತ್ತಿ ಇನ್ನೂ ನನ್ನ ಕೈಯಲ್ಲೇ ಇತ್ತು.

ಅಕ್ಕ ಓದುತ್ತಿದ್ದುದು ರೋಗಪತ್ತೆ ವಿಜ್ಞಾನ, ಕೊನೆಯ ವರ್ಷ. ಹೃದಯಕ್ಕೆ ಪೆಟ್ಟಾದವರ ರಕ್ತ ಒಂದು ಹನಿ ಬಿದ್ದರೆ ಕೆಂಪು ಗೆರೆ ಮೂಡಿಸುವ ಪಟ್ಟಿ ತಯಾರಿಸುವುದು ಅವಳ ಪ್ರಾಜೆಕ್ಟು. ಆರೋಗ್ಯವಂತರ ರಕ್ತಕ್ಕೆ ಗೆರೆ ಮೂಡಬಾರದು. ಆ ಆರೋಗ್ಯವಂತರನ್ನು ಎಲ್ಲಿಂದ ತರುವುದು? ಅಲ್ಲಿ ಎಲ್ಲರೂ ಮಾಡುವುದು ಒಂದೇ: ತಮ್ಮನನ್ನೋ ರೂಮ್‌ಮೇಟನ್ನೋ ಪುಸಲಾಯಿಸಿ ಕರೆತರುವುದು. ನಾನು ಕಲ್ಲು ತಿಂದರೂ ಕರಗಿಸುವ ವಯಸ್ಸಿನವನು. ಆದರೆ ನನ್ನ ಹನಿ ಬಿದ್ದದ್ದೇ ತಡ, ಗೆರೆ ಎದ್ದು ಕೂತಿತು. ಅಕ್ಕ ಇನ್ನೊಂದು ಪಟ್ಟಿ ತೆಗೆದಳು. ಅದರಲ್ಲೂ ಅದೇ.

“ಏನ್ ಹಾಕ್ಕೊಂಡು ಬಂದಿದೀಯೋ? ಗಾಂಜಾನಾ, ಮಾತ್ರೆನಾ?” ಎಂದರು ಗೈಡು.

“ಏನೂ ಇಲ್ಲ.”

“ಹೌದು ಅಂತ ಯಾರು ತಾನೇ ಒಪ್ಕೊಳ್ತಾರೆ?” ಮತ್ತೆ ನಗು. ಅಕ್ಕನ ಕಡೆ ತಿರುಗಿದರು. “ಬಿಸಾಕಮ್ಮ ಇದನ್ನ. ಇಂಥವರ ರಕ್ತ ಎಲ್ಲಾ ಲೆಕ್ಕಕ್ಕೆ ಬರಲ್ಲ. ಥೀಸಿಸ್‌ನಲ್ಲಿ ಇದರ ಸುದ್ದಿನೇ ಬೇಡ.”

ಅವರ ಮಾತಿಗಿಂತ ಅಕ್ಕನ ಮೌನಕ್ಕೇ ನನ್ನ ಮೈ ಹೆಚ್ಚು ಉರಿಯಿತು.

ಮೆಟ್ಟಿಲಿಳಿಯುವಾಗ ಕೇಳಿಯೇಬಿಟ್ಟೆ. “ನೀನೂ ನಂಬಿದೀಯಾ?”

“ಬಾಯ್ಮುಚ್ಚೋ. ಮೊದಲು ನಿನ್ನ ಎದೆ ತೋರಿಸೋಣ, ನಡಿ.”

ನನ್ನ ರಟ್ಟೆ ಹಿಡಿದು ಎರಡೆರಡು ಮೆಟ್ಟಿಲು ಹಾರಿಸುತ್ತ ಎಳೆದುಕೊಂಡು ಹೋದಳು. ಪೆದ್ದಿ, ನನಗೆ ನಿಜಕ್ಕೂ ಏನೋ ಆಗಿದೆಯೆಂದು ಹೆದರಿದ್ದಳು. ಎದುರಿನ ಆಸ್ಪತ್ರೆಯಲ್ಲಿ ನನ್ನ ಎದೆಗೆ ವೈರು ಅಂಟಿಸಿದರು, ಇನ್ನಷ್ಟು ರಕ್ತ ತೆಗೆದು ದೊಡ್ಡ ಮಷೀನಿಗೆ ಕೊಟ್ಟರು. “ಕುದುರೆ ಇದ್ದ ಹಾಗಿದೀಯಪ್ಪ, ಮನೆಗೆ ಹೋಗು,” ಎಂದರು ಡಾಕ್ಟರು.

ಹೊರಗೆ ಬಂದು ಅಕ್ಕ ಕಟ್ಟೆಯ ಮೇಲೆ ಕುಸಿದಳು. “ಹಾಗಾದ್ರೆ ನನ್ನ ಪಟ್ಟಿ ಸುಳ್ಳು ಹೇಳ್ತಿದೆ.”

“ಬಿಸಾಕು ಅಂದ್ರಲ್ಲ ನಿಮ್ಮ ಸರ್ರು. ಬಿಸಾಕು.”

“ನಾಳೆ ನಿನ್ನಂಥವನೇ ಒಬ್ಬ ಎದೆ ಉರಿ ಅಂತ ಆಸ್ಪತ್ರೆಗೆ ಹೋದ ಅಂದ್ಕೋ. ಈ ಪಟ್ಟಿ ನೋಡಿ ಇಲ್ಲದ ಕಾಯಿಲೆಗೆ ಇಂಜೆಕ್ಷನ್ ಚುಚ್ತಾರೆ ಕಣೋ. ಯಾಕೆ ಬಂತು ಅಂತ ಗೊತ್ತಾಗೋವರೆಗೂ ನಿನ್ನ ರಕ್ತ ನನ್ನ ಥೀಸಿಸ್‌ನಲ್ಲಿ ಇರುತ್ತೆ.”

“ಅವರು ಸಹಿ ಹಾಕದಿದ್ರೆ?”

“ಡಿಗ್ರಿ ಹೋಯ್ತು.” ಬಸ್ಸು ಹೋಯ್ತು ಅನ್ನುವ ಹಾಗೆ ಅಂದಳು.

ನಾನು ಒಂಬತ್ತನೇ ಕ್ಲಾಸಿನಲ್ಲಿ ಗಣಿತದ ಮೇಷ್ಟ್ರ ಬೆತ್ತವನ್ನು ಮುರಿದು ಕಿಟಕಿಯಾಚೆ ಎಸೆದು ಮನೆಗೆ ಬಂದವನು. ಮತ್ತೆ ಆ ಕಡೆ ತಲೆ ಹಾಕಿಲ್ಲ, ಅದಕ್ಕೆ ಬೇಸರವೂ ಇಲ್ಲ. ಈಗಿನ ಕೆಲಸ ಊರಾಚೆಯ ಶೆಡ್ಡಿನಲ್ಲಿ ಬಿಳಿ ಇಲಿ ಸಾಕುವುದು. ಅಲ್ಲಿಂದ ಅವು ಔಷಧಿ ಕಂಪನಿಗಳಿಗೆ ಹೋಗುತ್ತವೆ. ಅಮ್ಮ ನನ್ನನ್ನು ಇಲಿರಾಯ ಅಂತಲೇ ಕರೆಯುವುದು. ಗ್ಲೌಸು ಹಾಕಿಕೊಂಡರೆ ಬಾಲ ಹಿಡಿತಕ್ಕೆ ಸಿಗುವುದಿಲ್ಲ, ಹಾಗಾಗಿ ನಾನು ಹಾಕುವುದಿಲ್ಲ. ಅವಕ್ಕೂ ಅದೇ ಬೇಕು. ಕಚ್ಚಿಸಿಕೊಳ್ಳದ ವಾರವೇ ಇಲ್ಲ.

ಆ ಭಾನುವಾರ ಅಡುಗೆಮನೆಯ ನಲ್ಲಿಯಡಿ ಬೆರಳು ತೊಳೆಯುತ್ತಿದ್ದೆ. ಅಕ್ಕ ನೀರು ಕುಡಿಯಲು ಬಂದವಳು ಬಗ್ಗಿ ನೋಡಿದಳು.

“ಮತ್ತೆ ಕಚ್ಚಿಸ್ಕೊಂಡ್ಯಾ?”

“ನಿಮ್ಮ ಸರ್ರಿಗಿಂತ ವಾಸಿ ಬಿಡೆ. ಇವು ಕಚ್ಚಿ ಸುಮ್ಮನಾಗ್ತವೆ.”

ಅವಳು ನಗಲಿಲ್ಲ. ಲೋಟ ಕೆಳಗಿಟ್ಟು ನನ್ನ ಬೆರಳನ್ನು ಬೆಳಕಿಗೆ ಹಿಡಿದಳು.

“ಲೋ... ಇಲಿ ಕಣೋ!”

“ಮತ್ತಿನ್ನೇನು, ಹುಲಿನಾ?”

“ಅಯ್ಯೋ ಕೇಳೋ ಇಲ್ಲಿ! ನನ್ನ ಪಟ್ಟಿ ಮೇಲೆ ಒಂದು ಕೈ ಇದೆ ಅಂದ್ಕೋ. ಕೆಂಪು ಬಣ್ಣ ಇನ್ನೊಂದು ಕೈಯಲ್ಲಿದೆ. ಹೃದಯದಿಂದ ಸೋರಿದ ಪ್ರೋಟೀನ್ ಮಧ್ಯೆ ಬಂದ್ರೆ ಎರಡೂ ಅದನ್ನ ಹಿಡ್ಕೊಳ್ತವೆ, ಗೆರೆ ಮೂಡುತ್ತೆ. ಆ ಎರಡು ಕೈನೂ, ಅಂದ್ರೆ ಆ್ಯಂಟಿಬಾಡಿ, ಇಲಿಯಿಂದ ತೆಗೆದಿದ್ದು! ಕಚ್ಚಿಸ್ಕೊಂಡು ಕಚ್ಚಿಸ್ಕೊಂಡು ನಿನ್ನ ಮೈ ಇಲಿ ಮೇಲೆ ಹಗೆ ಸಾಧಿಸ್ತಿದೆ. ಪ್ರೋಟೀನ್ ಇಲ್ಲದಿದ್ರೂ ನಿನ್ನ ರಕ್ತಾನೇ ಹೋಗಿ ಎರಡು ಕೈನೂ ಗಪ್ ಅಂತ ಹಿಡಿದಿದೆ.”

ನನ್ನ ಮೈಗೂ ನನ್ನ ಬುದ್ಧಿಯೇ ಇದೆ ಎಂದುಕೊಂಡೆ. ಮರೆಯುವ ಜಾತಿಯಲ್ಲ.

ಮರುದಿನ ಅವಳು ನನ್ನ ರಕ್ತಕ್ಕೆ ಇಲಿಯ ಸೀರಮ್ಮನ್ನು, ಅಂದರೆ ಇಲಿರಕ್ತದ ತಿಳಿಯನ್ನು, ಬೆರೆಸಿ ಪಟ್ಟಿಗೆ ಹಾಕಿದಳು. ಹಗೆಯೆಲ್ಲ ಆ ಸೀರಮ್ಮಿನ ಮೇಲೇ ತೀರಿತು, ಗೆರೆ ಮೂಡಲಿಲ್ಲ. ಗೈಡು ಮಾತ್ರ ಆ ಪಟ್ಟಿಯನ್ನು ಕಣ್ಣೆತ್ತಿಯೂ ನೋಡಲಿಲ್ಲವಂತೆ. “ವೈವಾದಲ್ಲಿ ಮರ್ಯಾದೆ ಹೋದ್ರೆ ನನ್ನ ಹತ್ರ ಅಳ್ಕೊಂಡು ಬರಬೇಡ,” ಎಂದು ಸಹಿ ಗೀಚಿ ಎಸೆದರಂತೆ.

ವೈವಾ ಎಂಬ ಆ ಮೌಖಿಕ ಪರೀಕ್ಷೆಗೆ ಮನೆಯವರೂ ಬರಬಹುದಿತ್ತು. ಹಿಂದಿನ ಸಾಲಿನಲ್ಲಿ ಕುಳಿತೆ. ಅಂದು ನಕ್ಕವರೆಲ್ಲ ಅಲ್ಲೇ ಇದ್ದರು. ಅಕ್ಕ ಪರದೆಯ ಮೇಲೆ ಮೊದಲು ಹಾಕಿದ್ದೇ ನನ್ನ ಪಟ್ಟಿಯನ್ನು, ಕೆಂಪು ಗೆರೆಯ ಸಮೇತ. ನಂತರ ಗೆರೆಯಿಲ್ಲದ್ದನ್ನು. ಹೊರಗಿನಿಂದ ಬಂದಿದ್ದ ಪರೀಕ್ಷಕಿ ಕನ್ನಡಕ ಮೇಲೇರಿಸಿದರು.

“ಇದೊಂದನ್ನ ಕೈಬಿಟ್ಟಿದ್ರೆ ನಿನ್ನ ಫಲಿತಾಂಶ ನೂರಕ್ಕೆ ನೂರು ಇರ್ತಿತ್ತು. ಯಾಕೆ ಬಿಡಲಿಲ್ಲ?”

“ಸರ್ ಬಿಡು ಅಂದ್ರು, ಮೇಡಂ. ನಾನು ಬಿಡಲಿಲ್ಲ.”

ಅವಳ ದನಿ ಕೊನೆಯ ಸಾಲಿಗೂ ಕೇಳಿಸಿತು. ಪರೀಕ್ಷಕಿ ಗೈಡಿನ ಮುಖ ನೋಡಿದರು. ಆಮೇಲೆ ಅಕ್ಕನಿಗೆ, “ಒಳ್ಳೇದು ಮಾಡಿದೆ. ಇಡೀ ಥೀಸಿಸ್‌ನಲ್ಲಿ ನಾನು ನಂಬಿದ ಪುಟ ಇದೇ,” ಎಂದರು.

ಎಲ್ಲ ಮುಗಿದ ಮೇಲೆ ಗೈಡು ಹಲ್ಲುಕಿರಿಯುತ್ತ ನನ್ನತ್ತ ಬಂದರು. ಸುತ್ತಲೂ ಅದೇ ಹುಡುಗ ಹುಡುಗಿಯರು.

“ಏನಪ್ಪಾ ತಮ್ಮಾ, ನಿನ್ನ ರಕ್ತ ಚಿನ್ನ ಕಣಯ್ಯ! ನಾನು ಅವತ್ತೇ ಅಂದ್ಕೊಂಡೆ, ಇದರಲ್ಲಿ ಏನೋ ಇದೆ ಅಂತ. ಪಟ್ಟಿ ಸುಧಾರಿಸೋಕೆ ಇನ್ನೊಂದೆರಡು ಟ್ಯೂಬ್ ಬೇಕು. ಕೊಡ್ತೀಯಲ್ಲ?” ಕೈ ಚಾಚಿದರು. “ಅವತ್ತು ತಮಾಷೆಗೆ ಅಂದಿದ್ದು. ಮನಸ್ಸಿಗೆ ಹಚ್ಕೊಂಡಿಲ್ಲ ತಾನೇ?”

ಎಲ್ಲರೂ ನನ್ನ ಬಾಯಿಯನ್ನೇ ನೋಡುತ್ತಿದ್ದರು. ಅವರ ಹಿಂದೆ ಅಕ್ಕ ನಿಂತಿದ್ದಳು. ಕೊಡು ಎಂದು ಕಣ್ಣಲ್ಲೂ ಹೇಳಲಿಲ್ಲ.

ಮಡಚಿದ್ದ ಅಂಗಿಯ ತೋಳನ್ನು ಬಿಡಿಸಿ ಮಣಿಕಟ್ಟಿನವರೆಗೆ ಎಳೆದುಕೊಂಡೆ. ಗುಂಡಿ ಹಾಕಿದೆ. ಗೈಡಿನ ಕೈ ಗಾಳಿಯಲ್ಲೇ ಇತ್ತು. ಅದರ ಪಕ್ಕದಿಂದ ಹಾದು ಬಾಗಿಲು ತಳ್ಳಿ ಮೆಟ್ಟಿಲಿಳಿದೆ.